ಸುಣ್ಣದ ಬೊಟ್ಟಿನ ಸೌತೆಕಾಯಿ

ನಮ್ಮ ರೈತ ಮಹಿಳಾ ಕೂಟಕ್ಕೆ ಇರುವುದು ಒಂದೇ ಒಂದು ಕಟ್ಟುನಿಟ್ಟಿನ ನಿಯಮ. ತಿಂಗಳ ಸಭೆ ಯಾರ ಮನೆಯಲ್ಲಿ ನಡೆಯುತ್ತದೋ ಆ ಮನೆಯ ಹೆಂಗಸು ಅಂದು ಅಡುಗೆಮನೆಗೆ ಕಾಲಿಡುವಂತಿಲ್ಲ. ಬಂದವರೇ ಅಡುಗೆ ಮಾಡಬೇಕು, ಅದೂ ಆ ಮನೆಯ ಹಿತ್ತಲಲ್ಲಿ, ಅಟ್ಟದಲ್ಲಿ ಏನು ಸಿಗುತ್ತದೋ ಅದರಲ್ಲೇ. ಪೇಟೆಯಿಂದ ಏನನ್ನೂ ಕಟ್ಟಿಕೊಂಡು ಬರುವ ಹಾಗಿಲ್ಲ. ಮನೆಯಾಕೆ ಜಗಲಿಯಲ್ಲಿ ಕುರ್ಚಿಯ ಮೇಲೆ ಕೂತಿರಬೇಕು. ಏಳಬಾರದು.

ಈ ನಿಯಮ ಸುಮ್ಮನೆ ಹುಟ್ಟಿದ್ದಲ್ಲ. ಕೋಣಂದೂರಿನ ಆಚೆ ಈಚೆ, ಹೊಸನಗರದ ಗಡಿಯವರೆಗಿನ ಹಳ್ಳಿಗಳ ಹೆಂಗಸರು ಸೇರಿ ಕೂಟ ಕಟ್ಟಿದ ಹೊಸತರಲ್ಲಿ ಸಭೆ ಎಂದರೆ ಊಟದ ಪೈಪೋಟಿಯಾಗಿತ್ತು. ಒಬ್ಬಳು ಹೋಳಿಗೆ ಮಾಡಿದರೆ ಮುಂದಿನವಳು ಹೋಳಿಗೆಯ ಜೊತೆ ಪಾಯಸವನ್ನೂ ಮಾಡಬೇಕು. ಒಮ್ಮೆ ಪಶುವೈದ್ಯರನ್ನು ಕರೆಸಿ ಹಸುವಿನ ಕೆಚ್ಚಲು ಬಾವಿನ ಬಗ್ಗೆ ಮಾತಾಡಿಸಿದೆವು. ಅವರು ಜಗಲಿಯಲ್ಲಿ ಎಲ್ಲವನ್ನೂ ಬಿಡಿಸಿ ಬಿಡಿಸಿ ಹೇಳಿದರು, ನಾವೆಲ್ಲ ತಲೆಯಾಡಿಸಿ ಕೇಳಿದೆವು. ಕೆಚ್ಚಲು ಬಾವು ಬಂದಿದ್ದ ಹಸು ಮಾತ್ರ ಅದೇ ಮನೆಯಾಕೆಯದು. ಅವಳು ಒಳಗೆ ವಡೆ ಕರಿಯುತ್ತಿದ್ದಳು. ಒಂದಕ್ಷರವೂ ಅವಳ ಕಿವಿಗೆ ಬೀಳಲಿಲ್ಲ.

ಅಂದು ನಮ್ಮ ಅಧ್ಯಕ್ಷೆಗೆ ಸಿಟ್ಟು ಬಂತು. ಅವರು ಹೊಸನಗರದ ಕಡೆಯವರು, ಎಲ್ಲಿಗೆ ಹೋದರೂ ಸ್ಕೂಟಿಯಲ್ಲೇ ಹೋಗುವುದರಿಂದ ನಮಗೆಲ್ಲ ಸ್ಕೂಟಿ ಅಕ್ಕ. ಬೇಸಾಯ, ಕೊಟ್ಟಿಗೆ, ಕಾಳುಮೆಣಸಿನ ಬಳ್ಳಿ ಎಲ್ಲವನ್ನೂ ಒಬ್ಬರೇ ನಿಭಾಯಿಸುವವರು. ವಡೆಯ ಬಾಣಲೆಯನ್ನು ಅವರೇ ಒಲೆಯಿಂದ ಕೆಳಗಿಳಿಸಿ, "ಇನ್ಮೇಲೆ ಮನೆಯವ್ರು ಒಳಗೆ ಹೋಗೋ ಹಂಗಿಲ್ಲ. ಕೂತು ಕೇಳ್ಬೇಕು. ತಿನ್ನೋದು ನಾವು ಮಾಡ್ಕಳ್ತೀವಿ" ಎಂದರು. ಅದೇ ನಿಯಮವಾಯಿತು.

ಆ ನಿಯಮದಿಂದ ಕೂಟದ ಬಣ್ಣವೇ ಬದಲಾಯಿತು ಎಂದರೆ ಉತ್ಪ್ರೇಕ್ಷೆಯಲ್ಲ. ಒಬ್ಬರ ಅಡುಗೆಮನೆಯಲ್ಲಿ ಉಪ್ಪಿನ ಭರಣಿ ಎಲ್ಲಿದೆ ಎಂದು ಗೊತ್ತಾದ ಮೇಲೆ ಸಂಕೋಚ ಎಲ್ಲಿ ಉಳಿಯುತ್ತದೆ? ಒಬ್ಬಳು ಹೆರಿಗೆಗೆ ಹೋದಾಗ ಅವಳ ಹಸುಗಳನ್ನು ಉಳಿದವರು ಸರದಿಯಲ್ಲಿ ಕರೆದೆವು. ಕಾಳುಮೆಣಸಿಗೆ ಕಸಿ ಕಟ್ಟುವುದನ್ನು ಕಲಿತೆವು. ಮಧ್ಯಾಹ್ನದ ಖಾಸಗಿ ಬಸ್ಸು ನಿಂತುಹೋದಾಗ ಅದರ ಮಾಲೀಕರ ಮನೆಗೇ ಹೋಗಿ ಜಗಲಿಯ ತುಂಬ ಕೂತೆವು. ಅವರ ಹೆಂಡತಿ ಕಾಫಿ ಮಾಡಲು ಎದ್ದಾಗ ಸ್ಕೂಟಿ ಅಕ್ಕ, "ನೀವು ಕೂತ್ಕಳಿ, ನಾವೇ ಮಾಡ್ತೀವಿ" ಎಂದು ಒಳಗೆ ನುಗ್ಗಿದರು. ಇವರು ಇವತ್ತು ಹೋಗುವವರಲ್ಲ ಎಂದು ಮಾಲೀಕರಿಗೆ ಅರ್ಥವಾಗಿರಬೇಕು. ಬಸ್ಸು ಮತ್ತೆ ಬಂತು.

ಇಷ್ಟೆಲ್ಲದರಲ್ಲಿ ನಾನಿದ್ದೆ. ಆದರೆ ನಮ್ಮ ಮನೆಯಲ್ಲಿ ಒಮ್ಮೆಯೂ ಸಭೆ ಆಗಿರಲಿಲ್ಲ. ಕಾರಣ ನನ್ನ ಅತ್ತೆ.

ಅತ್ತೆ ಸಾಗರದ ಕಡೆಯಿಂದ ಮದುವೆಯಾಗಿ ಬಂದವರು. ಬಂದಾಗ ಸೀರೆಯ ಗಂಟಿನ ಜೊತೆ ಒಂದು ಹಿಡಿ ಸೌತೆಬೀಜ ತಂದಿದ್ದರಂತೆ. ಆ ಬಳ್ಳಿ ಸೌತೆಯನ್ನು ಪ್ರತಿ ವರ್ಷ ಮುಂಗಾರಿಗೆ ಹಾಕುತ್ತಿದ್ದರು. ಮಾಗಿದ ಕಾಯಿಗಳನ್ನು ಬಾಳೆನಾರಿನಲ್ಲಿ ಕಟ್ಟಿ ಅಡುಗೆಮನೆಯ ತೊಲೆಗೆ ತೂಗುಬಿಟ್ಟರೆ ಬೇಸಿಗೆಯವರೆಗೂ ಕೆಡುತ್ತಿರಲಿಲ್ಲ. ಕಹಿ ಎಂಬುದು ಅದರ ಜಾತಿಯಲ್ಲೇ ಇರಲಿಲ್ಲ. ಬೀಜವನ್ನು ಯಾರಿಗೂ ಕೊಡುತ್ತಿರಲಿಲ್ಲ. ಹೊರಗಿನವರನ್ನು ಅಡುಗೆಮನೆಗೂ ಬಿಡುತ್ತಿರಲಿಲ್ಲ. ಮದುವೆಯಾಗಿ ಇಷ್ಟು ವರ್ಷವಾದ ನನಗೇ ಅಲ್ಲಿ ತರಕಾರಿ ಹೆಚ್ಚುವ, ಪಾತ್ರೆ ತೊಳೆಯುವ ಹಕ್ಕು ಇತ್ತೇ ವಿನಾ ಸಾರಿಗೆ ಉಪ್ಪು ಹಾಕುವ ಹಕ್ಕು ಇರಲಿಲ್ಲ. ಅದು ಅವರ ಬಾಯಲ್ಲಿ ಯಾವತ್ತೂ 'ನನ್ನ ಅಡುಗೆಮನೆ'. ನಾನೂ 'ನಿಮ್ಮ ಅಡುಗೆಮನೆ' ಎಂದೇ ಹೇಳುತ್ತಿದ್ದೆ, ಸ್ವಲ್ಪ ಚುಚ್ಚುವ ಹಾಗೆ. ನನಗೂ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ.

ಸರದಿ ಬಂದಾಗಲೆಲ್ಲ ಏನಾದರೊಂದು ನೆಪ ಹೇಳಿ ಮುಂದೂಡುತ್ತಿದ್ದೆ. ಸುಗ್ಗಿ ಎಂದೆ, ನೆಂಟರು ಎಂದೆ, ಗೋಡೆಗೆ ಸುಣ್ಣ ಹೊಡೆಯುತ್ತಿದ್ದಾರೆ ಎಂದೆ. ಕೊನೆಗೆ ಕೂಟದಲ್ಲಿ ಗುಸುಗುಸು ಶುರುವಾಯಿತು. ಎಲ್ಲರ ಮನೆಯಲ್ಲಿ ಉಣ್ಣುವವಳು ತನ್ನ ಮನೆ ಕೊಡುವುದಿಲ್ಲವಲ್ಲ ಎಂದು. ತಪ್ಪೇನೂ ಇಲ್ಲ ಆ ಮಾತಿನಲ್ಲಿ. ಈ ಸುತ್ತು ಮುಗಿಯುವುದರೊಳಗೆ ಮನೆ ಕೊಡದವರು ಕೂಟದಲ್ಲಿ ಇರುವ ಹಾಗಿಲ್ಲ ಎಂದು ತೀರ್ಮಾನವಾಯಿತು. ಹಾಗೆ ಉಳಿದಿದ್ದವಳು ನಾನೊಬ್ಬಳೇ. ತಿಂಗಳಿಗೊಮ್ಮೆ ಆ ಸಭೆಗೆ ಹೋಗುವಾಗ ಮಾತ್ರ ನಾನು ಯಾರದೋ ಸೊಸೆಯಾಗಿ, ಯಾರದೋ ತಾಯಿಯಾಗಿ ಹೋಗುತ್ತಿರಲಿಲ್ಲ, ನಾನಾಗಿ ಹೋಗುತ್ತಿದ್ದೆ. ಅದು ಕೈತಪ್ಪುತ್ತದೆ ಎಂದಾಗ ಕೊಟ್ಟಿಗೆಯಲ್ಲಿ ಕೂತು ಅತ್ತಿದ್ದೇನೆ.

ಆಗ ಸ್ಕೂಟಿ ಅಕ್ಕ ಒಂದು ದಿನ ನಮ್ಮ ಮನೆಗೇ ಬಂದರು. ಅತ್ತೆಯ ಎದುರು ಕೂತು ಎಲೆಯಡಿಕೆಯ ಕವಳ ಹಾಕಿಕೊಂಡರು. ಸಾಗರದ ಪೇಟೆಯ ವಿಷಯ, ಮಂಗನ ಕಾಟದ ವಿಷಯ ಎಲ್ಲ ಮಾತಾಡಿ, ಕೊನೆಗೆ ಹೊರಡುವಾಗ ಎಂಬಂತೆ, "ಅಮ್ಮಾ, ನಿಮ್ಮ ಸೊಸೆ ನಮ್ಮೆಲ್ಲರ ಮನೇಲೂ ಉಂಡಿದಾರೆ. ನಮಗೆ ನಿಮ್ಮನೇಲಿ ಒಂದ್ಸಲನೂ ಊಟ ಸಿಕ್ಕಿಲ್ಲ. ಇರ್ಲಿ ಬಿಡಿ, ನಾವೇನು ಲೆಕ್ಕ ಇಡಲ್ಲ" ಎಂದರು.

ಅತ್ತೆಯ ಮುಖ ಕೆಂಪಾಯಿತು. ಇನ್ನೊಬ್ಬರ ಹಂಗಿನಲ್ಲಿ ಇರುವುದು ಅವರಿಗೆ ಜನ್ಮಕ್ಕೆ ಆಗದ ಮಾತು. "ಯಾವತ್ತು ಬರ್ತೀರಿ ಹೇಳಿ" ಎಂದರು. ನಿಯಮವನ್ನು ಸ್ಕೂಟಿ ಅಕ್ಕ ಅಂಗಳ ದಾಟುವಾಗ ಹೇಳಿದರು. ಕೊಟ್ಟ ಮಾತನ್ನು ಅತ್ತೆ ಹಿಂದಕ್ಕೆ ತೆಗೆದುಕೊಳ್ಳುವವರಲ್ಲ.

ಅಡಿಕೆ ಸುಗ್ಗಿ ಮುಗಿದು ಅಂಗಳ ಖಾಲಿಯಾಗಿದ್ದ ದಿನಗಳವು. ಬೆಳಿಗ್ಗೆಯೇ ಹೆಂಗಸರು ಬಂದು ಅಕ್ಕಿ ನೆನೆಹಾಕಿದರು. ಜಗಲಿಯಲ್ಲಿ ನನಗೊಂದು ಕುರ್ಚಿ ಹಾಕಿದ್ದರು. ಸ್ಕೂಟಿ ಅಕ್ಕ ಅದರ ಪಕ್ಕ ಇನ್ನೊಂದು ಕುರ್ಚಿ ತಂದಿಟ್ಟು ಅತ್ತೆಯನ್ನು ಕರೆದರು. "ನಾನ್ಯಾಕೆ? ಕೂಟದಲ್ಲಿರೋದು ಅವಳು" ಎಂದರು ಅತ್ತೆ. "ಅಡುಗೆಮನೆ ನಿಮ್ದಲ್ವಾ? ಅದಕ್ಕೆ" ಎಂದರು ಸ್ಕೂಟಿ ಅಕ್ಕ. ಅತ್ತೆ ಕೂತರು. ಸೆರಗನ್ನು ಬಿಗಿಯಾಗಿ ಸುತ್ತಿಕೊಂಡು, ಬೇರೆ ಯಾರದೋ ಮನೆಗೆ ಬಂದವರಂತೆ ಕುರ್ಚಿಯ ತುದಿಯಲ್ಲಿ ಕೂತರು.

ಅಂದಿನ ಸಭೆಯ ವಿಷಯ ಜೇನು ಸಾಕಣೆ. ಅತ್ತೆಯ ಕಿವಿ ಮಾತ್ರ ಒಳಗೇ ಇತ್ತು. ಒಂದು ಪಾತ್ರೆ ಸದ್ದಾದರೆ, "ಅದು ಹಾಲಿನ ಪಾತ್ರೆ. ಅದ್ಯಾಕೆ ಬೇಕಂತೆ?" ಎಂದು ನನ್ನ ಕಡೆ ತಿರುಗುತ್ತಿದ್ದರು. ಮಿಕ್ಸಿ ತಿರುಗಿದರೆ, "ನೀರು ಜಾಸ್ತಿಯಾಯ್ತು, ಸದ್ದಲ್ಲೇ ಗೊತ್ತಾಗ್ತದೆ" ಎನ್ನುತ್ತಿದ್ದರು. ಒಮ್ಮೆ ಎದ್ದೇಬಿಟ್ಟರು. ಜೇನಿನ ಬಗ್ಗೆ ಮಾತಾಡುತ್ತಿದ್ದಾಕೆ ಮಾತು ನಿಲ್ಲಿಸಿದಳು. ಎಲ್ಲರೂ ಅತ್ತೆಯನ್ನೇ ನೋಡಿದರು. ಅವರು ಸೀರೆಯ ನೆರಿಗೆ ಸರಿಮಾಡಿಕೊಳ್ಳಲು ಎದ್ದವರಂತೆ ಮಾಡಿ ಮತ್ತೆ ಕೂತರು. ನನಗೆ ನಗು ತಡೆಯಲು ಸಾಕುಬೇಕಾಯಿತು.

ಮಧ್ಯಾಹ್ನ ಸೌತೆಕಾಯಿ ಕಡುಬು ಬಂತು. ಅಕ್ಕಿ, ಬೆಲ್ಲ, ಕಾಯಿತುರಿಯ ಜೊತೆ ಮಾಗಿದ ಸೌತೆಯನ್ನು ತುರಿದು ಹಾಕಿ, ಬಾಳೆಲೆಯಲ್ಲಿ ಮಡಚಿ ಬೇಯಿಸಿದ್ದು. ಮೊದಲ ಕಡುಬನ್ನು ಅತ್ತೆಗೇ ಬಡಿಸಿದರು. ಎಲೆ ಬಿಡಿಸಿದಾಗ ಹಬೆ ಮುಖಕ್ಕೆ ಬಂತು. ಮೇಲೆ ತುಪ್ಪ ಬಿತ್ತು. ಅತ್ತೆ ಒಂದು ತುಂಡು ಬಾಯಿಗಿಟ್ಟು ನಿಧಾನವಾಗಿ ಅಗಿದರು. ಆಮೇಲೆ ಯಾರನ್ನೂ ನೋಡದೆ, "ಈ ಮನೇಲಿ ನಾನು ಬಿಸಿ ಕಡುಬು ತಿಂತಿರೋದು ಇವತ್ತೇ ಕಣೆ" ಎಂದರು.

ಅವರ ದನಿಯಲ್ಲಿ ದೂರು ಇರಲಿಲ್ಲ. ಅದೇ ನನ್ನನ್ನು ತಟ್ಟಿತು. ಮಾವನವರಿಗೆ, ಆಳುಗಳಿಗೆ, ಮಕ್ಕಳಿಗೆ ಬಡಿಸಿ ಎಲ್ಲ ಆದ ಮೇಲೆ ತಳ ಹಿಡಿದದ್ದನ್ನು, ಆರಿದ್ದನ್ನು ತಿಂದವರು. ಅಡುಗೆಮನೆ ಅವರದು ಎಂದು ನಾನು ಇಷ್ಟು ವರ್ಷ ಹೊಟ್ಟೆ ಉರಿದುಕೊಂಡಿದ್ದೆ. ಅವರಿಗೆ ಅಲ್ಲಿ ಸಿಕ್ಕಿದ್ದಾದರೂ ಏನು ಎಂದು ಕೇಳಿಕೊಂಡಿರಲಿಲ್ಲ.

ಎರಡನೆಯ ಕಡುಬನ್ನೂ ಹಾಕಿಸಿಕೊಂಡರು. ಖುಷಿಯಲ್ಲಿ, "ಯಾವ ಸೌತೆ ಇಳಿಸಿದ್ರಿ? ಒಳ್ಳೆ ಹದವಾಗಿ ಮಾಗಿತ್ತು" ಎಂದು ಕೇಳಿದರು. ಬಡಿಸುತ್ತಿದ್ದವಳು ನಮ್ಮ ಪಕ್ಕದೂರಿನ ಸೊಸೆ, ಕೂಟದಲ್ಲೆಲ್ಲ ಚಿಕ್ಕವಳು. ಅವಳು ಉತ್ಸಾಹದಿಂದ, "ಸುಣ್ಣದ ಬೊಟ್ಟು ಇಟ್ಟಿದ್ರಲ್ಲ ಅಮ್ಮ, ಅದನ್ನೇ ಇಳಿಸಿದ್ವಿ" ಎಂದಳು.

ಅತ್ತೆಯ ಕೈ ಎಲೆಯ ಮೇಲೇ ನಿಂತಿತು.

ನಮ್ಮ ಮನೆಯಲ್ಲಿ ಸುಣ್ಣದ ಬೊಟ್ಟು ಇಟ್ಟರೆ ಅದು ಬೀಜದ ಸೌತೆ. ಮುಂಗಾರಿನವರೆಗೆ ಅದನ್ನು ಯಾರೂ ಮುಟ್ಟುವ ಹಾಗಿಲ್ಲ. ಅತ್ತೆಯ ತವರಿನ ಕಡೆಯ ಪದ್ಧತಿ ಅದು. ಆ ವರ್ಷ ಕಾಯಿ ಕಮ್ಮಿಯಾಗಿದ್ದರಿಂದ ಬೀಜಕ್ಕೆಂದು ಬಳ್ಳಿಯಲ್ಲೇ ಪೂರ್ತಿ ಬಲಿಯಲು ಬಿಟ್ಟಿದ್ದು ಅದೊಂದೇ, ತೊಲೆಯಲ್ಲಿದ್ದ ಉಳಿದವುಗಳ ಬೀಜ ಜೊಳ್ಳು. ಅದನ್ನು ಹೇಳಬೇಕೆಂದು ಅತ್ತೆಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ. ಸುಣ್ಣದ ಬೊಟ್ಟಿನ ಅರ್ಥ ಯಾರಿಗೆ ಗೊತ್ತಿಲ್ಲ ಎಂದುಕೊಂಡಿದ್ದೆವು. ಆ ಹುಡುಗಿಯೂ ಹಾಗೇ ಅಂದುಕೊಂಡಿದ್ದಳು. ತೀರ್ಥಹಳ್ಳಿ, ಹೊಸನಗರದ ಕಡೆಯ ಅವರ ಮನೆಗಳಲ್ಲಿ ಮೆತ್ತಗಾಗಲು ಶುರುವಾದ ಕಾಯಿಗೆ ಸುಣ್ಣ ಹಚ್ಚುತ್ತಾರೆ. ಹಾಳಾಗುವ ಮೊದಲು ಇದನ್ನೇ ಬಳಸಿ ಎಂದು ಅದರ ಅರ್ಥ.

"ತಿರುಳು ಎಲ್ಲಿ ಹಾಕಿದ್ರಿ?" ಎಂದರು ಅತ್ತೆ.

"ದನದ ಅಕ್ಕಚ್ಚಿಗೆ" ಎಂದಳು ಹುಡುಗಿ. ನಾನು ಇನ್ನೂ ಬಿಡಿಸದಿದ್ದ ಕಡುಬನ್ನು ಅಲ್ಲೇ ಬಿಟ್ಟು ಕೊಟ್ಟಿಗೆಗೆ ಓಡಿದೆ. ಅಕ್ಕಿ ತೊಳೆದ ನೀರು ತುಂಬಿಡುವ ಬಕೆಟ್ಟು ಖಾಲಿಯಾಗಿತ್ತು. ನಮ್ಮ ಕೆಂಪು ಹಸು ಮೂತಿ ನೆಕ್ಕಿಕೊಳ್ಳುತ್ತಾ ನನ್ನನ್ನು ನೋಡಿತು.

ನಾನು ಮರಳಿ ಬರುವಷ್ಟರಲ್ಲಿ ಅತ್ತೆ ಕೈ ತೊಳೆದು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಿದ್ದರು. ವಿಷಯ ತಿಳಿದ ಹುಡುಗಿ ಅಳುತ್ತಿದ್ದಳು. ಉಳಿದವರು ಸದ್ದಿಲ್ಲದೆ ಪಾತ್ರೆ ತೊಳೆದು, ನೆಲ ಒರೆಸಿ, ಎಲ್ಲವನ್ನೂ ಇದ್ದ ಜಾಗದಲ್ಲೇ ಇಟ್ಟರು. ಸ್ಕೂಟಿ ಅಕ್ಕ ಹೊರಡುವಾಗ ನನ್ನ ಕೈ ಹಿಡಿದು, "ನಿಮ್ಮ ಸರದಿ ಮುಗೀತು, ನೀವು ಕೂಟದಲ್ಲೇ ಇದೀರಿ" ಎಂದರು. ಇದ್ದೇನೆ ಸರಿ, ಹೋಗುವುದು ಹೇಗೆ ಎಂದು ನನಗೆ ಅನ್ನಿಸಿತು.

ಅತ್ತೆ ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ತೊಲೆಯಲ್ಲಿ ಖಾಲಿ ತೂಗುತ್ತಿದ್ದ ಬಾಳೆನಾರನ್ನು ಬಿಚ್ಚಲೂ ಇಲ್ಲ. ಸಾಗರದ ಕಡೆಯ ತವರಿಗೆ ಫೋನ್ ಮಾಡಿಸಿದೆ. ಅಲ್ಲಿ ಬಳ್ಳಿ ಸೌತೆ ಹಾಕುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ಕೂಟದ ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ ತಮ್ಮ ತಮ್ಮ ಮನೆಯ ಸೌತೆಬೀಜ ತಂದುಕೊಡುವುದಾಗಿ ಬರೆದರು. ಕೆಲವರು ತಂದೂ ಕೊಟ್ಟರು. ಅತ್ತೆ ಪ್ರತಿಯೊಂದನ್ನೂ ಅಂಗೈಯಲ್ಲಿ ಹರವಿ ನೋಡಿ, "ಇದು ಕಹಿ ತಿರುಗ್ತದೆ", "ಇದು ಬೇಗ ಕೊಳೀತದೆ" ಎಂದು ಬದಿಗಿಟ್ಟರು.

ಮುಂದಿನ ಸಭೆ ಹೊಸನಗರದ ಕಡೆ ಇತ್ತು. ನಾನು ಹೋಗುವುದಿಲ್ಲ ಎಂದೇ ನಿರ್ಧರಿಸಿದ್ದೆ. ಆ ದಿನ ಬೆಳಿಗ್ಗೆ ನೋಡಿದರೆ ಅತ್ತೆ ಮದುವೆಮನೆಗೆ ಉಡುವ ಸೀರೆ ಉಟ್ಟು ಜಗಲಿಯಲ್ಲಿ ನಿಂತಿದ್ದಾರೆ.

"ಬಸ್ಸು ಎಷ್ಟೊತ್ತಿಗೆ?" ಎಂದರು.

"ಎಲ್ಲಿಗತ್ತೆ?"

"ನಿಮ್ಮ ಸಭೆಗೆ. ಸುಣ್ಣದ ಬೊಟ್ಟಿಗೆ ಹಂಗೂ ಒಂದು ಅರ್ಥ ಇದ್ಯಾ ಅಂತ ನಾನೇ ನೋಡ್ಬೇಕು. ಆ ಹುಡ್ಗಿ ತಪ್ಪು ಮುಚ್ಕಳ್ಳಕ್ಕೆ ಹೇಳಿದ್ದೋ ಏನೋ."

ನನ್ನ ಗಂಡ ಪೇಪರಿನ ಹಿಂದಿನಿಂದ ನನ್ನತ್ತ ನೋಡಿ, ಏನೂ ಮಾತಾಡಬೇಡ ಎಂದು ಕಣ್ಸನ್ನೆ ಮಾಡಿದರು. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟೆ.

ಆ ಮನೆಗೆ ಹೋದವರೇ ಅತ್ತೆ ನೆಟ್ಟಗೆ ಅಡುಗೆಮನೆಗೆ ನಡೆದರು. ತಡೆಯುವವರು ಯಾರು? ನಿಯಮವೇ ಹಾಗಿದೆ, ಬಂದವರು ಒಳಗೆ, ಮನೆಯವರು ಹೊರಗೆ. ತಲೆ ಎತ್ತಿ ತೊಲೆಗಳನ್ನು ನೋಡಿದರು. ಅಲ್ಲಿಯೂ ಸೌತೆ ತೂಗುತ್ತಿತ್ತು, ಒಂದೆರಡಕ್ಕೆ ಸುಣ್ಣದ ಬೊಟ್ಟಿತ್ತು. ಅತ್ತೆ ನನ್ನನ್ನು ಸ್ಟೂಲು ಹತ್ತಿಸಿ ಒಂದನ್ನು ಇಳಿಸಿಕೊಂಡರು. ಹೆಬ್ಬೆರಳಿನಲ್ಲಿ ಒತ್ತಿದರು. ತೊಟ್ಟಿನ ಹತ್ತಿರ ಮೆತ್ತಗಾಗಿತ್ತು.

"ಹೌದು" ಎಂದರು ಸಣ್ಣಗೆ. ಬಾಗಿಲ ಹಿಂದೆ ನಿಂತಿದ್ದ ಆ ಚಿಕ್ಕವಳ ಕಡೆ ತಿರುಗಿ, "ಅಲ್ಲೆಂತ ನಿಂತಿದೀಯ? ಬಾ, ತುರಿ ಇದನ್ನ. ತಿರುಳು ಮಾತ್ರ ನನ್ನ ಕೈಗೆ ಕೊಡು" ಎಂದರು. ಅವಳು ಮೂಗು ಒರೆಸಿಕೊಂಡು ಬಂದಳು.

ಆ ದಿನ ಆ ಅಡುಗೆಮನೆಯಲ್ಲಿ ಅತ್ತೆಯದೇ ಯಜಮಾನಿಕೆ. ಮಿಕ್ಸಿಗೆ ನೀರು ಎಷ್ಟು, ಬಾಳೆಲೆಯನ್ನು ಯಾವ ಮಗ್ಗುಲಿಗೆ ಮಡಚಬೇಕು, ಎಲ್ಲವೂ ಅವರು ಹೇಳಿದಂತೆ. ಕಡುಬು ಬೆಂದಾಗ ಮೊದಲನೆಯದನ್ನು ಅವರೇ ತಟ್ಟೆಗೆ ಹಾಕಿ ಜಗಲಿಗೆ ತಂದರು. ಕುರ್ಚಿಯಲ್ಲಿ ಕೂತಿದ್ದ ಆ ಮನೆಯಾಕೆಗೆ ಕೊಟ್ಟು, "ಆರೋಕೆ ಮುಂಚೆ ತಿನ್ನು" ಎಂದರು. ಅವಳು ತಿಂದು ಮುಗಿಸುವವರೆಗೆ ಎದುರಿಗೇ ನಿಂತಿದ್ದರು. ಬಸ್ಸಿನಲ್ಲಿ ಮರಳುವಾಗ ದಾರಿಯುದ್ದಕ್ಕೂ ಜೇನುಪೆಟ್ಟಿಗೆಯ ಬಗ್ಗೆ ಕೇಳಿದರು. ಅಂದು ನಮ್ಮ ಜಗಲಿಯಲ್ಲಿ ಕೇಳಿಸಿಕೊಂಡೇ ಇದ್ದರು ಎಂದು ನನಗೆ ಆಗ ಗೊತ್ತಾಯಿತು. ಆಮೇಲೆ ಅವರು ಒಂದು ಸಭೆಯನ್ನೂ ತಪ್ಪಿಸಲಿಲ್ಲ.

ಆದರೆ ಬೀಜ ಹೋದದ್ದು ಹೋಗಿಯೇ ಇತ್ತು. ಮಳೆ ಹಿಡಿಯುವ ಹೊತ್ತಿಗೆ ಅತ್ತೆ ಸೌತೆಬಳ್ಳಿಯ ಚಪ್ಪರದ ಕಡೆ ಹೋಗುವುದನ್ನೇ ಬಿಟ್ಟರು. ಉಳಿದವರು ಕೊಟ್ಟ ಬೀಜವನ್ನು ನಾನೇ ಊರಿದೆ. ಅವು ಹುಟ್ಟಿದವು, ಅತ್ತೆ ತಿರುಗಿಯೂ ನೋಡಲಿಲ್ಲ. ಆಗಲೇ ಒಂದು ಬೆಳಿಗ್ಗೆ ಸಗಣಿ ಹಾಕಲು ಗೊಬ್ಬರಗುಂಡಿಗೆ ಹೋದವಳು ಬುಟ್ಟಿ ಹಿಡಿದು ಅಲ್ಲೇ ನಿಂತೆ. ಗುಂಡಿಯ ಅಂಚಿನಲ್ಲಿ ಸೌತೆಯ ಸಸಿಗಳು ಎದ್ದಿದ್ದವು. ನಾನು ಯಾರನ್ನೂ ಕೂಗಲಿಲ್ಲ. ಹೋಗಿ ಅತ್ತೆಯ ಕೈ ಹಿಡಿದು ಕರೆದುಕೊಂಡು ಬಂದೆ. ಅವರು ಬಗ್ಗಿ ಎಲೆಯನ್ನು ಉಜ್ಜಿ ಮೂಸಿದರು, ಮತ್ತೆ ಮೂಸಿದರು.

"ಕಾಯಿ ಬಿಡ್ಲಿ, ನೋಡನ" ಎಂದರು. ಆದರೆ ಅವರ ಕಣ್ಣು ತುಂಬಿತ್ತು. ದಿನಾ ಆ ಗುಂಡಿಯ ಹತ್ತಿರ ಹೋಗಿ ನಿಲ್ಲತೊಡಗಿದರು. ಅಲ್ಲಿಗೆ ಸಗಣಿ ಹಾಕುವುದೇ ನಿಂತು, ನಾವು ಬೇರೆ ಗುಂಡಿ ತೋಡಬೇಕಾಯಿತು. ಕಾಯಿ ಬಿಟ್ಟಿತು. ಅದೇ ಉದ್ದ, ಅದೇ ಪಟ್ಟೆ, ಅದೇ ರುಚಿ. ಹಸು ತಿಂದು ಉಳಿಸಿಕೊಟ್ಟಿತ್ತು.

ಆ ವರ್ಷ ಬೀಜದ ಕಾಯಿಗಳಿಗೆ ಸುಣ್ಣ ಬೀಳಲಿಲ್ಲ. ಒಂದನ್ನು ಅತ್ತೆ ದೇವರಮನೆಯಲ್ಲಿ ತೂಗುಹಾಕಿದರು. ಅಲ್ಲಿಗೆ ಕೂಟದವರ ಕೈ ಹೋಗುವುದಿಲ್ಲ ಎಂಬ ಭರವಸೆ. ಇನ್ನೊಂದನ್ನು ಸೀರೆಯ ಸೆರಗಿನಲ್ಲಿ ಸುತ್ತಿಕೊಂಡು ಹೋಗಿ ಪಕ್ಕದೂರಿನ ಆ ಹುಡುಗಿಗೆ ಕೊಟ್ಟರು. "ಇದು ನಿನ್ನ ಹತ್ರ ಇರ್ಲಿ. ನಮ್ಮನೇಲಿ ಹೋದ್ರೂ ನಿಮ್ಮನೇಲಿ ಉಳೀಬೇಕು. ಇನ್ನು ಯಾರಾದ್ರೂ ಕೇಳಿದ್ರೆ ನೀನೂ ಕೊಡು" ಎಂದರು. ಈಗ ಆ ಸೌತೆ ಹೊಸನಗರದ ಕಡೆಯೂ ಇದೆ, ಕೋಣಂದೂರಿನ ಆಚೆಗೂ ಇದೆ. ಸಾಗರದ ಅತ್ತೆಯ ತವರಿಗೂ ನಾವೇ ಒಂದು ಪೊಟ್ಟಣ ಕಳಿಸಿದೆವು.

ಮತ್ತೆ ನಮ್ಮ ಮನೆಯ ಸರದಿ ಬಂದಾಗ ಅತ್ತೆ ಎಲ್ಲರಿಗಿಂತ ಮೊದಲು ಎದ್ದು ಸ್ನಾನ ಮಾಡಿ, ಜಗಲಿಯಲ್ಲಿ ಎರಡು ಕುರ್ಚಿಗಳನ್ನು ತಾವೇ ಹಾಕಿದ್ದರು. ಹೆಂಗಸರು ಒಳಗೆ ಹೋದರು. ಪಾತ್ರೆಗಳ ಸದ್ದು, ಮಿಕ್ಸಿಯ ಸದ್ದು, ನಗು. ಅತ್ತೆ ಯಾವುದಕ್ಕೂ ತಿರುಗಿ ನೋಡಲಿಲ್ಲ. ಚಡಪಡಿಕೆ ಈ ಸಲ ನನಗೆ. ತುಪ್ಪ ಎಲ್ಲಿದೆ ಎಂದು ಅವರಿಗೆ ಗೊತ್ತಾಗುತ್ತದೋ ಇಲ್ಲವೋ ಎಂದು ಕುರ್ಚಿಯಿಂದ ಎದ್ದೆ.

"ಎಲ್ಲಿಗೆ ಹೊರಟೆ? ಕೂತ್ಕ" ಎಂದರು ಅತ್ತೆ. "ಇವತ್ತು ನಮ್ಮ ಅಡುಗೆಮನೆಗೆ ನಾವು ಹೋಗೋ ಹಂಗಿಲ್ಲ."

ನಮ್ಮ ಎಂದರು. ನಾನು ಕೂತೆ. ಅಷ್ಟರಲ್ಲಿ ಆ ಚಿಕ್ಕವಳು ಕಡುಬು ತಂದು ಮೊದಲನೆಯದನ್ನು ಅತ್ತೆಯ ತಟ್ಟೆಗೆ ಹಾಕಲು ಬಗ್ಗಿದಳು. ಅತ್ತೆ ಕೈ ಅಡ್ಡ ಹಿಡಿದು ನನ್ನ ತಟ್ಟೆ ತೋರಿಸಿದರು.

"ಅವಳಿಗೆ ಹಾಕು ಮೊದ್ಲು" ಎಂದು, ನನ್ನ ಕಡೆ ತಿರುಗಿ ಕೇಳಿದರು, "ಈ ಮನೇಲಿ ಬಿಸಿದು ತಿನ್ನೋದು ನಿಂಗೂ ಇದೇ ಮೊದ್ಲು, ಅಲ್ದಾ?"

ನಾನು ಹೌದೆಂದು ತಲೆಯಾಡಿಸಿದೆ. ಕಡುಬಿನ ಎಲೆ ಬಿಡಿಸಿದೆ. ಕೈ ಸುಡುವಷ್ಟು ಬಿಸಿಯಿತ್ತು.